ಬುದ್ಧಿಯವರ ಚೀಟಿಯಿಂದ ರೆಫರಲ್ ಚೀಟಿಯವರೆಗೆ: ಮಠದ ಆಸ್ಪತ್ರೆ ಬೆಳೆದ ದಾರಿ

ಚಿತ್ರದುರ್ಗ, ದಾವಣಗೆರೆ ಸೀಮೆಯ ಹಿರಿಯರ ಬಾಯಲ್ಲಿ ಸರ್ಕಾರಿ ಆಸ್ಪತ್ರೆ ಎಂದರೆ ಈಗಲೂ ‘ಧರ್ಮಾಸ್ಪತ್ರೆ’. ಮಠದವರು ಕಟ್ಟಿಸಿದ್ದು ‘ಸ್ವಾಮಿಗಳ ಆಸ್ಪತ್ರೆ’, ಕ್ರೈಸ್ತರದು ‘ಮಿಷನ್ ಆಸ್ಪತ್ರೆ’. ಧರ್ಮಸಂಸ್ಥೆಗಳೇ ನಡೆಸುವ ಆಸ್ಪತ್ರೆಗೆ ಧರ್ಮಾಸ್ಪತ್ರೆ ಎಂಬ ಹೆಸರು ಅಂಟಲಿಲ್ಲ, ಏಕೆಂದರೆ ಅಲ್ಲಿ ಬಿಲ್ಲು ಕಟ್ಟಬೇಕಿತ್ತು. ಬಿಲ್ಲು ಇಳಿಸಿಕೊಳ್ಳುವ ದಾರಿಯೂ ಇತ್ತು. ಮಠಕ್ಕೆ ಹೋಗಿ ಸ್ವಾಮೀಜಿಗೆ ಅಡ್ಡಬಿದ್ದು, “ಬುದ್ಧೀ, ಅಪ್ಪಂದು ಆಪರೇಷನ್ ಐತಿ, ಒಂದು ಚೀಟಿ ಕೊಡಿಸ್ರಿ” ಎಂದು ಕೇಳುವುದು. ಅಂಗೈ ಅಗಲದ ಆ ಚೀಟಿ ಬಿಲ್ಲಿಂಗ್ ಕೌಂಟರ್ ತಲುಪಿದರೆ ಅರ್ಧವೋ ಮುಕ್ಕಾಲೋ ಮನ್ನಾ.

ಇಂಥ ಆಸ್ಪತ್ರೆಗಳ ಬೆಳವಣಿಗೆಯನ್ನು ಹಾಸಿಗೆ ಎಣಿಸಿ ಹೇಳುವುದು ರೂಢಿ. ಮೂವತ್ತು ಇದ್ದದ್ದು ನೂರಾಯಿತು, ನೂರು ಇದ್ದದ್ದು ಐನೂರಾಯಿತು ಎನ್ನುತ್ತಾರೆ. ಅದಕ್ಕಿಂತ ಆ ಚೀಟಿಯ ಬೆನ್ನು ಹಿಡಿಯುವುದು ಮೇಲು. ಚೀಟಿ ಬರೆಯುವವರು ಯಾರು, ಮನ್ನಾ ಆದ ಹಣ ತುಂಬುವವರು ಯಾರು ಎಂಬ ಎರಡು ಪ್ರಶ್ನೆಗೆ ಪ್ರತಿ ಕಾಲದಲ್ಲೂ ಬೇರೆ ಉತ್ತರ ಸಿಗುತ್ತದೆ. ಆಸ್ಪತ್ರೆ ಯಾರದ್ದಾಗಿ ಉಳಿಯಿತು ಎಂಬುದನ್ನು ನಿರ್ಧರಿಸಿದ್ದೂ ಆ ಉತ್ತರವೇ.

ಜೋಳದ ಚೀಲದಿಂದ ಆಗದ ಕೆಲಸ

ನಮ್ಮ ರಾಜ್ಯದಲ್ಲಿ ಈ ದಾರಿಯಲ್ಲಿ ಮೊದಲು ನಡೆದವರು ಕ್ರೈಸ್ತ ಸಂಸ್ಥೆಗಳವರು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಅಲ್ಲಿ ಸನ್ಯಾಸಿನಿಯರೋ ಮಿಷನ್ನಿನ ನರ್ಸುಗಳೋ ಆವರಣದಲ್ಲೇ ವಾಸವಿದ್ದು ಹಗಲು ರಾತ್ರಿ ದುಡಿಯುತ್ತಿದ್ದರು. ಆಸ್ಪತ್ರೆಯ ಅತಿ ದೊಡ್ಡ ಖರ್ಚು ಸಂಬಳ. ಅದೇ ಅಲ್ಲಿ ಹಗುರವಾಗಿತ್ತು.

ಮಠಗಳು ಅನ್ನ ಮತ್ತು ಅಕ್ಷರದಿಂದ ಶುರುಮಾಡಿದವು. ದಾಸೋಹ, ಉಚಿತ ಪ್ರಸಾದ ನಿಲಯ, ಶಾಲೆಗಳು ಬಂದ ಎಷ್ಟೋ ಕಾಲಕ್ಕೆ ಆಸ್ಪತ್ರೆ ಬಂತು. ಇದು ಕಾಳಜಿಯ ಕೊರತೆಯಿಂದ ಆದದ್ದಲ್ಲ. ಭಕ್ತರ ಮನೆಯಿಂದ ಬರುವ ಜೋಳ, ರಾಗಿ, ಬೇಳೆಯಲ್ಲಿ ಪ್ರಸಾದ ನಿಲಯದ ಒಲೆ ಉರಿಯುತ್ತದೆ. ಅರಿವಳಿಕೆ ವೈದ್ಯರಿಗೆ ಜೋಳದ ಚೀಲದಲ್ಲಿ ಸಂಬಳ ಕೊಡಲಾಗುವುದಿಲ್ಲ. ಅದಕ್ಕೆ ತಿಂಗಳ ಕೊನೆಗೆ ನಗದೇ ಬೇಕು.

ದಾವಣಗೆರೆಯಲ್ಲಿ ಆ ನಗದು ಇತ್ತು. ಹತ್ತಿ ಗಿರಣಿ, ಮಂಡಿ, ದಲ್ಲಾಳಿ ಅಂಗಡಿಗಳಿದ್ದ ಊರು ಅದು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಕಾಲೇಜಿಗೆ ಇಟ್ಟ ಹೆಸರು ಜಗದ್ಗುರು ಜಯದೇವ ಮುರುಘರಾಜೇಂದ್ರರದು. ಎಲ್ಲರೂ ಜೆಜೆಎಂ ಎನ್ನುವಾಗ ಆ ಮೂರಕ್ಷರದೊಳಗೆ ಮುರುಘಾ ಮಠದ ಗುರುಗಳೊಬ್ಬರಿದ್ದಾರೆ ಎಂಬುದು ಎಷ್ಟೋ ಮಂದಿಗೆ ಮರೆತಿದೆ. ಮಠದ ಹೆಸರು, ವ್ಯಾಪಾರಸ್ಥರ ಹಣ, ಕಲಿಕೆಗೆ ಸರ್ಕಾರದ ಚಿಗಟೇರಿ ಆಸ್ಪತ್ರೆಯ ವಾರ್ಡುಗಳು: ಈ ಮೂರೂ ಇಲ್ಲಿ ಕೂಡಿದವು. ಚಿತ್ರದುರ್ಗದಲ್ಲಿ ಮುರುಘಾ ಮಠದ ಎಸ್‌ಜೆಎಂ ವಿದ್ಯಾಪೀಠವೇ ಮುಂದೆ ಬಸವೇಶ್ವರ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಕಟ್ಟಿತು.

ಹುಂಡಿ ಬೇರೆ, ಆಸ್ಪತ್ರೆಯ ಖಾತೆ ಬೇರೆ

ಆಸ್ಪತ್ರೆ ಸ್ವಲ್ಪ ಬೆಳೆದ ಕೂಡಲೇ ಲೆಕ್ಕಪರಿಶೋಧಕರು ಹೇಳುವ ಮೊದಲ ಮಾತು, ಮಠದ ಲೆಕ್ಕದಿಂದ ಇದನ್ನು ಬೇರೆ ಮಾಡಿ ಎಂದು. ದಾನಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ, ಅಂದರೆ ಎಲ್ಲರೂ 80ಜಿ ಎನ್ನುವ ರಸೀದಿ ಕೊಡಬೇಕಾದರೆ, ಸಂಸ್ಥೆ ಒಂದೇ ಮತದ ಅಥವಾ ಒಂದೇ ಜಾತಿಯ ಜನರ ಹಿತಕ್ಕಾಗಿ ಎಂದು ಬರೆದುಕೊಂಡಿರಬಾರದು. ಧಾರ್ಮಿಕ ಕಾರ್ಯಕ್ಕೆ ಅದರ ವರ್ಷದ ಆದಾಯದಲ್ಲಿ ಶೇ 5ಕ್ಕಿಂತ ಹೆಚ್ಚು ಹೋಗಬಾರದು. ರಥೋತ್ಸವದ ಖರ್ಚು, ಎಕ್ಸ್‌ರೇ ಯಂತ್ರದ ಖರ್ಚು ಒಂದೇ ಪುಸ್ತಕದಲ್ಲಿದ್ದರೆ ಈ ಗೆರೆ ದಾಟಲು ಬಹಳ ದಿನ ಬೇಕಿಲ್ಲ. ಹಾಗಾಗಿ ಆಸ್ಪತ್ರೆಗೆಂದೇ ಪ್ರತ್ಯೇಕ ಟ್ರಸ್ಟ್ ಅಥವಾ ಸೊಸೈಟಿ, ಪ್ರತ್ಯೇಕ ಪ್ಯಾನ್, ಪ್ರತ್ಯೇಕ ಬ್ಯಾಂಕ್ ಖಾತೆ ಮಾಡುತ್ತಾರೆ. ಅಧ್ಯಕ್ಷಸ್ಥಾನದಲ್ಲಿ ಸ್ವಾಮೀಜಿಯವರೇ ಇದ್ದರೂ ಪುಸ್ತಕ ಮಾತ್ರ ಬೇರೆ.

ಎಡವುವುದು ಹುಂಡಿಯ ವಿಷಯದಲ್ಲಿ. ಆಸ್ಪತ್ರೆಯ ಬಾಗಿಲಲ್ಲಿ ಇಟ್ಟ ಕಾಣಿಕೆ ಡಬ್ಬಿಗೆ ಯಾರು ಎಷ್ಟು ಹಾಕಿದರು ಎಂಬ ದಾಖಲೆ ಇರುವುದಿಲ್ಲ. ಅಂಥ ಹೆಸರಿಲ್ಲದ ದಾನ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ 30 ತೆರಿಗೆ ಬೀಳುತ್ತದೆ. ಪೂರ್ತಿ ಧಾರ್ಮಿಕ ಸಂಸ್ಥೆಯ ಹುಂಡಿಗೆ ಈ ನಿಯಮ ಇಲ್ಲ, ಆಸ್ಪತ್ರೆಗೆ ಇದೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ರಿಯಾಯಿತಿಯೂ ಸಿಗುವುದಿಲ್ಲ. ಜಾತ್ರೆಯ ದಿನ ಟೇಬಲ್ ಹಾಕಿ ಹೆಸರು, ವಿಳಾಸ ಬರೆದು ರಸೀದಿ ಹರಿದುಕೊಡುವ ಸ್ವಯಂಸೇವಕನ ಕೆಲಸಕ್ಕೆ ಇಷ್ಟು ಬೆಲೆ ಇದೆ.

ಮಿಷನ್ ಆಸ್ಪತ್ರೆಗಳಿಗೆ ಇದೇ ಬಗೆಯ ಬಿಗಿ 2020ರಲ್ಲಿ ಬಂತು. ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿಯ ನಂತರ ಹೊರದೇಶದ ಹಣ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ಮಾತೃಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಸಣ್ಣ ಆಸ್ಪತ್ರೆಗಳ ದಾರಿ ಅಲ್ಲಿಗೆ ಮುಚ್ಚಿತು.

ಕಟ್ಟಡಕ್ಕೆ ದಾನಿ ಸಿಗುತ್ತಾರೆ, ಪಾಳಿಗೆ ಸಿಗುವುದಿಲ್ಲ

ವಾರ್ಡ್ ಕಟ್ಟಲು ಹಣ ಕೂಡಿಸುವುದು ಈ ಭಾಗದಲ್ಲಿ ಕಷ್ಟವಲ್ಲ. ಅಮೃತಶಿಲೆಯ ಮೇಲೆ ತಂದೆತಾಯಿಯ ಹೆಸರು ಕೆತ್ತಿಸುತ್ತೇವೆಂದರೆ ಕೊಡುವವರು ಮುಂದೆ ಬರುತ್ತಾರೆ. ಆ ವಾರ್ಡ್ ರಾತ್ರಿ ನಡೆಯಲು ಏನು ಬೇಕು ಎಂಬ ಲೆಕ್ಕವನ್ನು ಶಂಕುಸ್ಥಾಪನೆಯ ದಿನ ಯಾರೂ ಓದುವುದಿಲ್ಲ, ಓದಲೇಬೇಕು.

ಹತ್ತು ಹಾಸಿಗೆಯ ಐಸಿಯು ತೆಗೆದುಕೊಳ್ಳೋಣ. ಇಬ್ಬರು ರೋಗಿಗೊಬ್ಬ ನರ್ಸ್ ಎಂದರೆ ಪಾಳಿಗೆ 5 ಜನ. ದಿನಕ್ಕೆ ಮೂರು ಪಾಳಿ, ವಾರಕ್ಕೆ 105 ಡ್ಯೂಟಿ. ಒಬ್ಬರು ವಾರಕ್ಕೆ ಆರು ದಿನ ದುಡಿದರೆ 18 ಜನ ಬೇಕು. ರಜೆ, ಹೆರಿಗೆ ರಜೆ, ಬಿಟ್ಟು ಹೋಗುವವರನ್ನೆಲ್ಲ ಸೇರಿಸಿದರೆ 22ರಿಂದ 23. ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬರಿಗೊಬ್ಬರು ಬೇಕು, ಆಗ ಇದೂ ಸಾಲದು. ಐದು ಜನರನ್ನಿಟ್ಟುಕೊಂಡು ಹತ್ತು ಹಾಸಿಗೆ ತೆರೆದ ಕಡೆ ಮೊದಲು ಬೀಳುವುದು ರಾತ್ರಿ ಪಾಳಿ. ಕೈ ತೊಳೆಯುವುದು, ಮಗ್ಗುಲು ಬದಲಿಸುವುದು, ಕಫ ಹೀರಿ ತೆಗೆಯುವುದು ತಪ್ಪುತ್ತಾ ಹೋಗಿ ಸೋಂಕು, ಬೆಡ್‌ಸೋರ್ ಕಾಣಿಸುತ್ತವೆ. ಅನುಭವಿ ನರ್ಸುಗಳು ಬೆಂಗಳೂರಿಗೋ ಗಲ್ಫಿಗೋ ಹೊರಡುತ್ತಾರೆ.

ದಾನಿಗಳನ್ನು ಕೇಳುವುದಾದರೆ ಗೋಡೆಯ ಜೊತೆಗೆ ಮೂಲನಿಧಿಯನ್ನೂ, ಅಂದರೆ ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ಹಣವನ್ನೂ ಕೇಳಬೇಕು. 10 ಲಕ್ಷ ರೂಪಾಯಿ ಠೇವಣಿಗೆ ಶೇ 6 ಬಡ್ಡಿ ಹಿಡಿದರೆ ವರ್ಷಕ್ಕೆ 60 ಸಾವಿರ, ತಿಂಗಳಿಗೆ 5 ಸಾವಿರ. ಒಂದು ಜನರಲ್ ವಾರ್ಡಿನ ಹಾಸಿಗೆಯ ಖರ್ಚನ್ನು ಇದು ಪೂರ್ತಿ ಹೊರಲಾರದು, ಆದರೆ ಪ್ರತಿವರ್ಷ ತಪ್ಪದೆ ಬರುತ್ತದೆ. ರಸೀದಿಯ ಮೇಲೆ ‘ಮೂಲನಿಧಿಗೆ’ ಎಂದು ದಾನಿಯ ಸೂಚನೆ ಸ್ಪಷ್ಟವಾಗಿರಬೇಕು. ಇಲ್ಲವಾದರೆ ಅದು ಆ ವರ್ಷದ ಆದಾಯವಾಗುತ್ತದೆ, ಆದಾಯದಲ್ಲಿ ಶೇ 85 ಖರ್ಚು ಮಾಡಬೇಕೆಂಬ ನಿಯಮದೊಳಗೆ ಬರುತ್ತದೆ.

ಪಾಳಿಯ ಖರ್ಚಿಗೆ ದೊಡ್ಡ ಸಂಸ್ಥೆಗಳು ಕಂಡುಕೊಂಡ ಇನ್ನೊಂದು ಉತ್ತರ ಕಾಲೇಜು. ವಿದ್ಯಾರ್ಥಿಗಳ ಶುಲ್ಕ ಆಸ್ಪತ್ರೆಯನ್ನು ಹೊರುತ್ತದೆ, ಆಸ್ಪತ್ರೆ ಕಾಲೇಜಿನ ಮಾನ್ಯತೆಯನ್ನು ಹೊರುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ 100 ಎಂಬಿಬಿಎಸ್ ಸೀಟಿಗೆ 420 ಹಾಸಿಗೆ, 150 ಸೀಟಿಗೆ 605 ಹಾಸಿಗೆ ಬೇಕು, ಅವುಗಳಲ್ಲಿ ಶೇ 80 ತುಂಬಿರಬೇಕು. ಕಲಿಸಲು ರೋಗಿ ಬೇಕೇ ಬೇಕು ಎಂಬ ಕಾರಣಕ್ಕೆ ಬಡವರಿಗೆ ಜನರಲ್ ವಾರ್ಡಿನ ಹಾಸಿಗೆ, ಊಟ, ಹಳ್ಳಿಯಿಂದ ಬಸ್ಸು ಅಗ್ಗವಾಗಿಯೋ ಬಿಟ್ಟಿಯಾಗಿಯೋ ಸಿಗತೊಡಗಿದವು. ಇದು ಜನರಿಗೆ ನಿಜವಾಗಿ ಉಪಕಾರವಾಗಿದೆ. ತಪಾಸಣೆಯ ವಾರ ಶಿಬಿರ ಹಾಕಿ ಹಾಸಿಗೆ ತುಂಬಿಸಿ, ತಂಡ ಹೋದ ಮೇಲೆ ಖಾಲಿ ಬಿಡುವುದು ಉಪಕಾರವಲ್ಲ.

ಡಯಾಲಿಸಿಸ್ ಕೋಣೆಯ ಹಿಂದಿನ ಕೋಣೆ

ಯಂತ್ರ ದಾನ ಬಂತೆಂದು ಹಿಗ್ಗಿ ಶುರುಮಾಡಿ ಆಮೇಲೆ ಒದ್ದಾಡುವ ವಿಭಾಗ ಡಯಾಲಿಸಿಸ್. ಚಿತ್ರದುರ್ಗದಲ್ಲಂತೂ ಇದು ನೀರಿನ ಪ್ರಶ್ನೆ. ನಗರಕ್ಕೆ ವಾಣಿ ವಿಲಾಸ ಸಾಗರ ಮತ್ತು ಶಾಂತಿಸಾಗರದ ನೀರು ಬರುತ್ತದೆ. ಅದು ಸಾಲದ ದಿನ ಬೋರ್‌ವೆಲ್, ಟ್ಯಾಂಕರ್. ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆ, ಗಡಸುತನವೂ ಜಾಸ್ತಿ. ಡಯಾಲಿಸಿಸ್ ನೀರಿಗೆ ಫ್ಲೋರೈಡ್ ಮಿತಿ ಬರೀ 0.2 ಮಿಲಿಗ್ರಾಂ. ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ಗಂಟೆಗೆ ಸುಮಾರು 120 ಲೀಟರ್ ದ್ರವ, ತೆಳುವಾದ ಪೊರೆಯ ಆಚೆಗೆ ರೋಗಿಯ ರಕ್ತಕ್ಕೆ ಎದುರಾಗಿ ಹರಿಯುತ್ತದೆ, ವಾರಕ್ಕೆ ಮೂರು ಸಲ. ಕುಡಿದ ನೀರಿಗೆ ಕರುಳು ಅಡ್ಡ ಇರುತ್ತದೆ, ಇಲ್ಲಿ ಆ ತೆಳು ಪೊರೆ ಬಿಟ್ಟರೆ ಬೇರೇನೂ ಅಡ್ಡವಿಲ್ಲ.

ಯಂತ್ರಗಳ ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಂತಿರುವುದು ಮರಳಿನ ಫಿಲ್ಟರ್, ಗಡಸು ತೆಗೆಯುವ ಸಾಫ್ಟ್‌ನರ್, ಒಂದರ ಹಿಂದೆ ಒಂದು ಇದ್ದಿಲಿನ ಫಿಲ್ಟರ್, ಆರ್‌ಓ. ಸಾಫ್ಟ್‌ನರ್‌ಗೆ ಉಪ್ಪು ಬೇಕು. ಉಪ್ಪಿನ ತೊಟ್ಟಿ ಖಾಲಿಯಾದರೆ ಗಡಸು ಮುಂದೆ ದಾಟಿ ಆರ್‌ಓ ಪೊರೆಗೆ ಸುಣ್ಣ ಕಟ್ಟುತ್ತದೆ, ಪೊರೆ ಸೋತರೆ ರೋಗಿಗೆ ವಾಂತಿ, ತಲೆನೋವು, ಬಿಪಿ ಏರಿಕೆ. ಇದ್ದಿಲು ಸವೆದರೆ ಕ್ಲೋರಿನ್ ದಾಟಿ ಕೆಂಪು ರಕ್ತಕಣ ಒಡೆಯುತ್ತದೆ. ಅದರ ಮಿತಿ 0.1 ಮಿಲಿಗ್ರಾಂ, ಪ್ರತಿ ಪಾಳಿಗೂ ಮೊದಲು ಪರೀಕ್ಷೆ ಆಗಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್, ಬೋರ್ ನೀರಿನಲ್ಲಿ ಫ್ಲೋರೈಡ್. ಮಧ್ಯಾಹ್ನ ಟ್ಯಾಂಕರ್ ಬಂದು ತೊಟ್ಟಿ ತುಂಬಿದರೆ ಬೆಳಗಿನ ಪರೀಕ್ಷೆಗೆ ಬೆಲೆಯಿಲ್ಲ. 1993ರಲ್ಲಿ ಶಿಕಾಗೋದ ಒಂದು ಘಟಕದಲ್ಲಿ ನೀರು ಶುದ್ಧಮಾಡುವ ರಾಳ ತೀರಿಹೋಗಿ, ಹಿಡಿದಿಟ್ಟಿದ್ದ ಫ್ಲೋರೈಡನ್ನೆಲ್ಲ ಒಮ್ಮೆಗೇ ಬಿಟ್ಟಿತು. ಮೂವರು ರೋಗಿಗಳು ತೀರಿಕೊಂಡರು.

ಹತ್ತು ಯಂತ್ರ, ಮೂರು ಪಾಳಿ ಎಂದರೆ ಬರೀ ದ್ರವಕ್ಕೇ ದಿನಕ್ಕೆ 3,600 ಲೀಟರ್ ಶುದ್ಧ ನೀರು. ಯಂತ್ರ ತೊಳೆಯುವುದು, ಆರ್‌ಓ ಹೊರಚೆಲ್ಲುವ ಅರ್ಧದಷ್ಟನ್ನೂ ಸೇರಿಸಿದರೆ 8ರಿಂದ 10 ಸಾವಿರ ಲೀಟರ್ ಕಚ್ಚಾ ನೀರು, ಅಂದರೆ 5,000 ಲೀಟರಿನ ಎರಡು ಟ್ಯಾಂಕರ್. ಯಂತ್ರ ಕೊಟ್ಟ ದಾನಿಗೆ ಈ ಬಿಲ್ಲನ್ನೂ ತೋರಿಸಬೇಕು.

ಚೀಟಿ ಕೈ ಬದಲಿಸಿತು

2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂದದ್ದು ಈ ಆಸ್ಪತ್ರೆಗಳ ಇತಿಹಾಸದ ದೊಡ್ಡ ತಿರುವು. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿ ನಗದಿಲ್ಲದೆ ಆಪರೇಷನ್ ಮಾಡಿಸಿಕೊಳ್ಳಬಹುದಾಯಿತು. ಮಠಕ್ಕೆ ಹೋಗಿ ಕೇಳಿಕೊಳ್ಳುತ್ತಿದ್ದವನು ಸೊಸೈಟಿಯ ಕಾರ್ಡ್ ಹಿಡಿದು ನೇರ ಕೌಂಟರಿಗೆ ಬಂದ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿತು, 2022ರಲ್ಲಿ ಮತ್ತೆ ಪ್ರತ್ಯೇಕವಾಗಿ ಶುರುವಾಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಪ್ರತಿ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30ರಂತೆ 1.5 ಲಕ್ಷದವರೆಗೆ ನೆರವು.

ಹಣ ಬರುವ ಮೂಲ ಬದಲಾದಂತೆ ಆಸ್ಪತ್ರೆಯ ಕೆಲಸವೂ ಬದಲಾಯಿತು. ಕ್ಲೇಮು ಬರೆಯುವ ಸಿಬ್ಬಂದಿಯೇ ಒಂದು ವಿಭಾಗವಾದರು. ರೆಫರಲ್ ಪತ್ರ, ಪಡಿತರ ಚೀಟಿ, ಆಧಾರ್, ಪರೀಕ್ಷಾ ವರದಿ ಏರಿಸಿ ಪೂರ್ವಾನುಮತಿ ಪಡೆಯಬೇಕು, ಚಿಕಿತ್ಸೆಯ ನಂತರ ಡಿಸ್ಚಾರ್ಜ್ ಸಾರಾಂಶ, ಫೋಟೊ ಸೇರಿಸಿ ಕ್ಲೇಮು ಹಾಕಬೇಕು. ಒಂದು ಕಾಗದ ತಪ್ಪಿದರೆ ಕ್ಲೇಮು ತಿರಸ್ಕಾರ, ನಷ್ಟ ಆಸ್ಪತ್ರೆಗೆ. ಪ್ಯಾಕೇಜ್ ದರ ಕಡಿಮೆ ಎಂದು ರೋಗಿಗೆ ಹೊರಗಿನಿಂದ ಔಷಧಿ ತರಲು ಚೀಟಿ ಬರೆಯುವುದು ನಿಯಮಕ್ಕೆ ವಿರುದ್ಧ. ಹಾಗೆ ತರಿಸಿದರೆ ರಸೀದಿ ಇಟ್ಟುಕೊಂಡು ಯೋಜನೆಯ ಕಡೆಯಿಂದ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರಿಗೆ ದೂರು ಕೊಡಬಹುದು.

ಹಳೆಯ ಚೀಟಿ ಪೂರ್ತಿ ಹೋಗಿಲ್ಲ. ಅಚ್ಚುಕಟ್ಟಾಗಿ ನಡೆಯುವ ಕಡೆ ಅದಕ್ಕೂ ಒಂದು ಕ್ರಮ ಬಂದಿದೆ. ತಿಂಗಳಿಗೆ ಇಂತಿಷ್ಟು ಎಂದು ರಿಯಾಯಿತಿ ನಿಧಿ, ಮನೆಯ ಸ್ಥಿತಿ ವಿಚಾರಿಸುವ ಸಮಾಜ ಕಾರ್ಯಕರ್ತೆ, ವೈದ್ಯಕೀಯ ಅಧೀಕ್ಷಕರ ಸಹಿ. ಸ್ವಾಮೀಜಿಯವರೇ ಬರೆದುಕೊಟ್ಟರೆ ಅಷ್ಟು ಹಣ ಮಠದ ಖಾತೆಯಿಂದ ಆಸ್ಪತ್ರೆಯ ಖಾತೆಗೆ ನಿಜವಾಗಿಯೂ ಜಮೆಯಾಗಬೇಕು. ಬರೀ ‘ಮನ್ನಾ’ ಎಂದು ಬರೆದರೆ ಅದನ್ನು ಕಟ್ಟುವುದು ಪಕ್ಕದ ಹಾಸಿಗೆಯ ರೋಗಿ, ಇಲ್ಲವೇ ಸಂಬಳ ತಡವಾಗುವ ನರ್ಸ್. ಗುರುತಿದ್ದವರಿಗೆ ಚೀಟಿ ಸಿಕ್ಕು, ಗುರುತಿಲ್ಲದ ಕೂಲಿಯವನಿಗೆ ಸಿಗದೆ ಹೋದದ್ದೇ ಹಳೆಯ ಪದ್ಧತಿಯ ದೊಡ್ಡ ನೋವು.

ಇವತ್ತು ಹೊಳಲ್ಕೆರೆಯಿಂದಲೋ ಜಗಳೂರಿನಿಂದಲೋ ಬರುವವರಿಗೆ ಬೇಕಾದ ಚೀಟಿ ಸರ್ಕಾರಿ ಆಸ್ಪತ್ರೆಯ ರೆಫರಲ್. ಅದಿಲ್ಲದೆ ನೇರ ಬಂದರೆ ಯೋಜನೆ ಅನ್ವಯಿಸದೆ ಪೂರ್ತಿ ಬಿಲ್ಲು ಕಟ್ಟಬೇಕಾಗಬಹುದು. ಹೃದಯಾಘಾತ, ಹೆದ್ದಾರಿ ಅಪಘಾತದಂಥ ತುರ್ತಿನಲ್ಲಿ ರೆಫರಲ್ ಬೇಕಿಲ್ಲ, ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಬರಬಹುದು. ಹೊರರೋಗಿ ವಿಭಾಗದ ಪರೀಕ್ಷೆ, ತಿಂಗಳ ಮಾತ್ರೆ ಯೋಜನೆಯಲ್ಲಿ ಬರುವುದಿಲ್ಲ. ಬುದ್ಧಿಯವರ ಚೀಟಿ ಈಗ ಹೆಚ್ಚಾಗಿ ಖರ್ಚಾಗುತ್ತಿರುವುದು ಇಲ್ಲಿ: ಒಂದು ಸ್ಕ್ಯಾನ್, ಶುಗರ್ ಮಾತ್ರೆ, ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಬರುವವನ ಬಸ್ ಚಾರ್ಜು.