ಸಂಜೆ ಕಿತ್ತ ಹರಿವೆ

ಕಾರವಾರದ ರವಿವಾರದ ಸಂತೆಯಲ್ಲಿ ಹರಿವೆ ಕೊಳ್ಳುವಾಗ ನಾನು ಮೊದಲು ದರ ಕೇಳುವುದಿಲ್ಲ. "ಅಮ್ಮಾ, ಯಾವಾಗ ಕಿತ್ತದ್ದು?" ಎನ್ನುತ್ತೇನೆ. ಅಂಕೋಲೆಯ ಕಡೆಯಿಂದ ಸೊಪ್ಪು ತರುವ ಹಾಲಕ್ಕಿ ಸಮುದಾಯದ ಹೆಂಗಸರಲ್ಲಿ ಕೆಲವರು "ನಿನ್ನೆ ಸಂಜೆ" ಎಂದು ಸಂಕೋಚದಿಂದಲೇ ಹೇಳುತ್ತಾರೆ. ಬೆಳಗಿನ ಇಬ್ಬನಿಯಲ್ಲಿ ಕಿತ್ತದ್ದೇ ತಾಜಾ ಎಂದು ನಂಬಿದ ಗಿರಾಕಿಗಳು ಮುಂದೆ ಹೋಗುತ್ತಾರೆ. ನಾನು ಆ ಸಂಜೆಯ ಕಟ್ಟನ್ನೇ ಎತ್ತಿಕೊಳ್ಳುತ್ತೇನೆ.

ಎಲೆ ಹಗಲಿಡೀ ಬಿಸಿಲುಂಡು ಸಕ್ಕರೆ ತಯಾರಿಸಿ, ಮಿಕ್ಕಿದ್ದನ್ನು ಪಿಷ್ಟವಾಗಿ ಕೂಡಿಡುತ್ತದೆ. ಸಂಜೆಯ ಹೊತ್ತಿಗೆ ಅದರ ಕಣಜ ತುಂಬಿರುತ್ತದೆ. ಗಿಡದಲ್ಲೇ ಉಳಿದರೆ ರಾತ್ರಿ ಅದನ್ನು ಬೇರಿಗೂ ಕುಡಿಗೂ ಹಂಚಬೇಕು. ಬೆಳಗಾಗುವಾಗ ಕಣಜ ಬಹುಪಾಲು ಬರಿದು. ಕಿತ್ತ ಎಲೆಯೂ ಉಸಿರಾಡುತ್ತದೆ, ಆದರೆ ಖರ್ಚು ತನ್ನೊಬ್ಬಳದೇ. ತಂಪಿನಲ್ಲಿ ಹರವಿಟ್ಟರೆ ಆ ಖರ್ಚೂ ತಗ್ಗುತ್ತದೆ. ಬಿಗಿಯಾಗಿ ಕಟ್ಟಿ ಗೋಣಿಯಲ್ಲಿ ತುರುಕಿದರೆ ತನ್ನ ಉಸಿರಿನ ಬಿಸಿಗೆ ತಾನೇ ಬೇಯುತ್ತದೆ.

ಇನ್ನೊಂದು ಕಾರಣ ನೈಟ್ರೇಟ್. ಗಿಡ ಮಣ್ಣಿನ ಸಾರಜನಕವನ್ನು ಹೆಚ್ಚಾಗಿ ಹೀರುವುದು ಈ ರೂಪದಲ್ಲಿ. ಅದನ್ನು ಪ್ರೋಟೀನಿನ ಕಡೆಗೆ ತಿರುಗಿಸುವ ಕೆಲಸದ ಮೊದಲ ಹೆಜ್ಜೆ ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವದ್ದು. ಈ ಕಿಣ್ವ ಬೆಳಕಿನಲ್ಲಿ ಚುರುಕು, ಕತ್ತಲಲ್ಲಿ ಜಡ. ಬೇರು ಮಾತ್ರ ರಾತ್ರಿಯೂ ಹೀರುತ್ತಲೇ ಇರುತ್ತದೆ. ಹಾಗಾಗಿ ನಸುಕಿನ ಎಲೆಯಲ್ಲಿ ನೈಟ್ರೇಟ್ ಹೆಚ್ಚು, ಬಿಸಿಲು ಕಂಡ ಸಂಜೆಯ ಎಲೆಯಲ್ಲಿ ಕಡಿಮೆ. ಮೋಡ ಮುಸುಕಿದ ನಮ್ಮ ಆಷಾಢದಲ್ಲಿ ಹಗಲಿನಲ್ಲೂ ಅದು ಸರಿಯಾಗಿ ಕರಗದು. ಹೆಚ್ಚಾದರೆ ದೇಹಕ್ಕೆ ಒಳ್ಳೆಯದಲ್ಲವೆಂದು ಸೊಪ್ಪಿನ ನೈಟ್ರೇಟಿಗೆ ಹೆದರಿ ಸೊಪ್ಪನ್ನೇ ಬಿಡುವುದು ತಪ್ಪು, ಅದರ ಜೊತೆಗೇ ಬರುವ ವಿಟಮಿನ್ ಸಿ ನಮ್ಮನ್ನು ಕಾಯುತ್ತದೆ. ಆದರೂ ಲೆಕ್ಕ ತಿಳಿದಿರಲಿ: ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3.7 ಮಿಲಿಗ್ರಾಂ ಎಂಬುದು ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಮಿತಿ. 60 ಕಿಲೋ ತೂಕದವರಿಗೆ ಅದು 222 ಮಿಲಿಗ್ರಾಂ. ಕೊಯ್ಲಿಗೆ ನಾಲ್ಕು ದಿನ ಇರುವಾಗ ಯೂರಿಯಾ ಎರಚಿ ಎಲೆಯನ್ನು ಕಡುಹಸಿರು ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೊನೆಯ ವಾರ ಸಾರಜನಕ ನಿಲ್ಲಿಸುವುದಕ್ಕೆ ಕಾಸಿನ ಖರ್ಚಿಲ್ಲ. ಗೋಮೂತ್ರದಲ್ಲಿರುವುದೂ ಸಾರಜನಕವೇ. ಸಗಣಿ, ಗೋಮೂತ್ರ ಕಲಸಿ ಮಾಡುವ ಜೀವಾಮೃತವನ್ನೂ ಬುಡಕ್ಕೆ, ಮೊದಲೇ ಕೊಡಬೇಕು. ತಿನ್ನುವ ಎಲೆಯ ಮೇಲೆ ಸಗಣಿಯ ಸೂಕ್ಷ್ಮಜೀವಿಗಳು ಬೇಡ.

ಇದಾದ ಮೇಲೆ ಗಿಡವನ್ನು ಎಚ್ಚರಿಸುವ, ಎಲೆಯನ್ನು ಕಾಯುವ ಸಿಂಪಡಣೆಯ ಮಾತು. ಭಟ್ಕಳದ ಮಲ್ಲಿಗೆಯನ್ನು ಮುಡಿದವರಿಗೆ ಅಚ್ಚರಿಯೆನಿಸಬಹುದು: 1962ರಲ್ಲಿ ಜಾಜಿ ಜಾತಿಯ ಹೂವಿನ ಎಣ್ಣೆಯಲ್ಲಿ ಪತ್ತೆಯಾದ ಮೀಥೈಲ್ ಜಾಸ್ಮೊನೇಟ್ ಎಂಬ ಪರಿಮಳದ ವಸ್ತು ಗಿಡಗಳ ಪಾಲಿಗೆ ಅಪಾಯದ ಕೂಗು. 1990ರಲ್ಲಿ ಅಮೆರಿಕದಲ್ಲಿ ವಿಜ್ಞಾನಿಗಳಾದ ಫಾರ್ಮರ್ ಮತ್ತು ರಯಾನ್ ಒಂದು ಕಾಡುಪೊದೆಯ ಕೊಂಬೆಗಳನ್ನು ಟೊಮೆಟೊ ಗಿಡಗಳ ಜೊತೆ ಮುಚ್ಚಿಟ್ಟರು. ಪೊದೆ ಗಾಳಿಗೆ ಬಿಟ್ಟ ಈ ವಸ್ತುವಿಗೇ ಟೊಮೆಟೊ ಎಚ್ಚೆತ್ತು, ಹುಳುವಿನ ಜೀರ್ಣಶಕ್ತಿ ಕೆಡಿಸುವ ಪ್ರೋಟೀನುಗಳನ್ನು ತನ್ನ ಎಲೆಗಳಲ್ಲಿ ತಯಾರಿಸಿಕೊಂಡಿತು. ಹುಳು ಒಂದೂ ಇರಲಿಲ್ಲ.

ಬೈತಖೋಲ ಬಂದರಿನಲ್ಲಿ ರಾಶಿ ಬೀಳುವ ಶೆಟ್ಲಿಯ, ಅಂದರೆ ಸೀಗಡಿಯ, ಸಿಪ್ಪೆಯೂ ಇಂಥದ್ದೇ ಕೂಗು ಹಾಕಿಸಬಲ್ಲದು. ಅದರಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ಶಿಲೀಂಧ್ರಗಳ ಜೀವಕೋಶದ ಗೋಡೆಯಲ್ಲೂ ಇದೆ. ಕೈಟಿನ್‌ನಿಂದ ತೆಗೆದ ಕೈಟೊಸಾನನ್ನು ತೆಳುವಾಗಿ ಸಿಂಪಡಿಸಿದರೆ ಗಿಡ ಬೂಷ್ಟು ಬಂತೆಂದು ಭ್ರಮಿಸಿ, ಅದನ್ನು ಒಡೆಯುವ ಕಿಣ್ವಗಳನ್ನೂ ಫೀನಾಲುಗಳೆಂಬ ಕಾವಲು ರಾಸಾಯನಿಕಗಳನ್ನೂ ಕೂಡಿಸಿಕೊಳ್ಳುತ್ತದೆ. ಆ ಫೀನಾಲುಗಳಲ್ಲಿ ಹಲವು ಉತ್ಕರ್ಷಣ ನಿರೋಧಕಗಳು (ಆಂಟಿಆಕ್ಸಿಡೆಂಟ್). ಆದರೆ ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿದರೆ ಕೈಟೊಸಾನ್ ಆಗದು. ಆಮ್ಲದಿಂದ ಸುಣ್ಣ ಕಳೆದು, ಕಟುಕ್ಷಾರದಲ್ಲಿ ಕುದಿಸಬೇಕು. ಅದು ಕಾರ್ಖಾನೆಯ ಕೆಲಸ. ಪ್ರಮಾಣ ಮೀರಿದರೂ ಕಷ್ಟ, ಸದಾ ಕಾವಲು ಕಾಯುವ ಗಿಡಕ್ಕೆ ಬೆಳೆಯಲು ಶಕ್ತಿ ಉಳಿಯುವುದಿಲ್ಲ.

ಹಿತ್ತಲಲ್ಲೇ ಆಗುವಂಥದ್ದು ನುಗ್ಗೆ. ಎಳೆಯ ನುಗ್ಗೆಸೊಪ್ಪಿನಲ್ಲಿ ಝಿಯಾಟಿನ್ ಎಂಬ ಹಾರ್ಮೋನು ಧಾರಾಳವಾಗಿದೆ. ಎಳೆ ಮೆಕ್ಕೆಜೋಳದ ಕಾಳಿನಲ್ಲಿ ಮೊದಲು ಸಿಕ್ಕಿದ್ದರಿಂದ ಅದಕ್ಕೆ ಆ ಬೆಳೆಯ ಲ್ಯಾಟಿನ್ ಹೆಸರು. ಎಲೆಗೆ ಮುಪ್ಪು ಬಂದಾಗ ಹಸಿರು ಕಳಚಿ ಹಳದಿಯಾಗುತ್ತದಲ್ಲ, ಈ ಗುಂಪಿನ ಹಾರ್ಮೋನುಗಳು ಅದನ್ನು ಮುಂದೂಡುತ್ತವೆ. ಎರಡೇ ದಿನಕ್ಕೆ ಬಾಡುವ ಸೊಪ್ಪಿಗೆ ಇದಕ್ಕಿಂತ ಬೇಕಾದದ್ದೇನು? ಸೊಪ್ಪನ್ನು ಅರೆದು ಹಿಂಡಿ, ಬಟ್ಟೆಯಲ್ಲಿ ಸೋಸಿ, ಒಂದು ಪಾಲು ರಸಕ್ಕೆ ಮೂವತ್ತು ಪಾಲು ನೀರು ಬೆರೆಸಿ ಅಂದೇ ಬಳಸಬೇಕು, ಇಟ್ಟರೆ ಹುಳಿಯುತ್ತದೆ. ಸಿಂಪಡಿಸುವ ಹೊತ್ತೂ ಸಂಜೆಯೇ. ಬಿಸಿಲಿನಲ್ಲಿ ಹನಿ ಎಲೆಯೊಳಗೆ ಇಳಿಯುವ ಮೊದಲೇ ಆರಿಹೋಗುತ್ತದೆ.