ಕಣ್ಣಿನ ತಂಪು ಅಳೆಯುವ ಕ್ಯಾಮೆರಾ

ರೆಪ್ಪೆ ಮಿಟುಕಿಸಿ ಕಣ್ಣು ತೆರೆದ ಕ್ಷಣದಿಂದಲೇ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆ, ತಣಿಯತೊಡಗುತ್ತದೆ. ಶಾಖವನ್ನೇ ಚಿತ್ರವಾಗಿಸುವ ಥರ್ಮಲ್ ಕ್ಯಾಮೆರಾ ಹಿಡಿದರೆ ಅದು ಕಣ್ಣೆದುರೇ ನಡೆಯುತ್ತದೆ. ಮೂಗಿನ ಪಕ್ಕದ ಮೂಲೆ ಬಿಸಿಯಾಗಿ ಬೆಳ್ಳಗೆ ಹೊಳೆಯುತ್ತದೆ, ಕರಿಗುಡ್ಡೆಯ ನಡುಭಾಗ ಕ್ಷಣಕ್ಷಣಕ್ಕೂ ಕಪ್ಪಾಗುತ್ತಾ ಹೋಗುತ್ತದೆ. ಮೈಯೊಳಗಿನ ಶಾಖ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದರೆ ಇಲ್ಲಿ ಸಾಮಾನ್ಯವಾಗಿ 33ರಿಂದ 35. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಇರುವ ಬಿಸಿಯಲ್ಲೂ ಒಂದಿಷ್ಟನ್ನು ಆವಿಯಾಗುವ ಕಣ್ಣೀರು ಹೊತ್ತೊಯ್ಯುತ್ತದೆ.

ಗ್ಲುಕೋಮಾ ಸಂಶೋಧಕರಿಗೆ ಈ ತಂಪಿನ ಮೇಲೆ ಯಾಕೆ ಕಣ್ಣು? ಈ ಕಾಯಿಲೆಯಲ್ಲಿ ಸವೆಯುವುದು ದೃಷ್ಟಿನರ. ಅದರ ಸುಮಾರು 10 ಲಕ್ಷ ತಂತುಗಳಲ್ಲಿ ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕಣ್ಣಿನ ಒತ್ತಡ ಹೆಚ್ಚುವುದು ಮುಖ್ಯ ಅಪಾಯ, ನಿಜ. ಆದರೆ ಒತ್ತಡ 21 ಮಿ.ಮೀ. ಪಾದರಸದ ಮಿತಿಯೊಳಗೇ ಇದ್ದವರಲ್ಲೂ ನರ ಹಾಳಾಗುವುದುಂಟು. ಅಂಥವರಲ್ಲಿ ನರಕ್ಕೆ ರಕ್ತ ಸಾಲುತ್ತಿಲ್ಲವೇ ಎಂಬ ಅನುಮಾನ ಹಳೆಯದು. ಕಣ್ಣಿಗೆ ಬಿಸಿ ತರುವುದೂ ರಕ್ತವೇ ತಾನೆ? ಹರಿವು ಕುಗ್ಗಿದರೆ ಕಣ್ಣು ತುಸು ತಣ್ಣಗಾಗಬೇಕು. ತಲೆಗೆ ರಕ್ತ ಒಯ್ಯುವ ಕುತ್ತಿಗೆಯ ಕ್ಯಾರೊಟಿಡ್ ನಾಳ ಕಟ್ಟಿಕೊಂಡವರಲ್ಲಿ ಆ ಬದಿಯ ಕಣ್ಣು ತಂಪಾಗಿರುವುದು ಕಂಡುಬಂದಿದೆ. ಗ್ಲುಕೋಮಾ ರೋಗಿಗಳಲ್ಲೂ ಕಣ್ಣಿನ ಮೇಲ್ಮೈ ಶಾಖಕ್ಕೂ ಕಣ್ಣಹಿಂದಿನ ನಾಳಗಳ ರಕ್ತದ ಹರಿವಿಗೂ ನಂಟು ಕಂಡಿದೆ.

ಆದರೆ ಒಂದು ಮಾತು ಮರೆಯಬಾರದು: ಈ ಕ್ಯಾಮೆರಾ ದೃಷ್ಟಿನರವನ್ನು ನೋಡುವುದೇ ಇಲ್ಲ. ಅದು ಹಿಡಿಯುವ ಅತಿಗೆಂಪು ಕಿರಣಗಳಿಗೆ ನೀರು ಗೋಡೆಯಿದ್ದಂತೆ. ಹಾಗಾಗಿ ಅದಕ್ಕೆ ಸಿಗುವುದು ಕಣ್ಣೀರು ಸೇರಿದ, ಕೂದಲೆಳೆಯಷ್ಟೂ ದಪ್ಪವಿಲ್ಲದ ಮೇಲ್ಪದರದ ಸುದ್ದಿ ಮಾತ್ರ. ನರ ಇರುವುದು ಅಲ್ಲಿಂದ ಎರಡು ಸೆಂಟಿಮೀಟರಿಗೂ ಹಿಂದೆ. ಕೋಣೆಯ ಗಾಳಿ, ವಯಸ್ಸು, ಒಣಗಣ್ಣು, ಎಲ್ಲವೂ ಲೆಕ್ಕ ತಪ್ಪಿಸುತ್ತವೆ. ಹುಡುಕುತ್ತಿರುವ ವ್ಯತ್ಯಾಸವೋ ಬಹಳ ಸಣ್ಣದು. ಅದಕ್ಕೇ ಹೊರಗಿನಿಂದ ಬಂದವರನ್ನು ಕೋಣೆಯ ಹವೆಗೆ ಒಗ್ಗುವವರೆಗೆ ಕೂರಿಸಿ ಆಮೇಲೆ ಚಿತ್ರ ತೆಗೆಯುತ್ತಾರೆ. ಇದೊಂದನ್ನೇ ನಂಬಿ ಗ್ಲುಕೋಮಾ ಇದೆ ಅಥವಾ ಇಲ್ಲ ಎಂದು ಹೇಳುವುದನ್ನು ನಾನಂತೂ ಒಪ್ಪಲಾರೆ.

ನನಗೆ ಹೆಚ್ಚು ಭರವಸೆ ಕಾಣುವುದು ಆಪರೇಷನ್ ಆದಮೇಲೆ. ಟ್ರಾಬೆಕ್ಯುಲೆಕ್ಟಮಿ ಎಂಬ ಗ್ಲುಕೋಮಾ ಆಪರೇಷನ್ನಿನಲ್ಲಿ, ಒತ್ತಡ ಇಳಿಸಲೆಂದು, ಕಣ್ಣಿನ ದ್ರವ ಹೊರಬರಲು ಸಣ್ಣ ದಾರಿ ಕೊರೆಯುತ್ತಾರೆ. ಆ ದ್ರವ ಮೇಲ್ರೆಪ್ಪೆಯ ಮರೆಯಲ್ಲಿ, ಬಿಳಿಗುಡ್ಡೆಯ ತೆಳುಪೊರೆಯಡಿ ಗುಳ್ಳೆಯಾಗಿ ನಿಲ್ಲುತ್ತದೆ. ದಾರಿ ತೆರೆದಿದೆಯೇ, ಕಲೆಗಟ್ಟಿ ಮುಚ್ಚುತ್ತಿದೆಯೇ ಎನ್ನುವುದು ಗುಳ್ಳೆಯ ಹೊರನೋಟದಿಂದ ಯಾವಾಗಲೂ ತಿಳಿಯದು. ಚೆನ್ನಾಗಿ ಕೆಲಸ ಮಾಡುವ ಗುಳ್ಳೆಯಾದರೆ, ಥರ್ಮಲ್ ಚಿತ್ರದಲ್ಲಿ ಸುತ್ತಲಿನ ಬಿಳಿಗುಡ್ಡೆಗಿಂತ ತಂಪಾದ ಮಚ್ಚೆಯಾಗಿ ಎದ್ದು ಕಾಣುತ್ತದೆ. ಮುಚ್ಚಿಹೋದದ್ದು ಸುತ್ತಲಿನ ಬಣ್ಣದಲ್ಲೇ ಬೆರೆತಿರುತ್ತದೆ.