ಹಾಲಿನ ಪುಡಿ ಡಬ್ಬ ಕೊಡುವ ಮುಂಚೆ

ಬಡವರ ಮನೆಯಲ್ಲಿ ಎಳೆ ಮಗು ಇದೆ ಅಂದ ಕೂಡಲೇ ಜನ ಹಿಡಿದು ಬರುವುದು ಹಾಲಿನ ಪುಡಿ ಡಬ್ಬ. ಇಂಥ ಮನೆಗಳಲ್ಲಿ ತಾಯಿ, ಮಗುವಿನ ಆಹಾರ ನೋಡಿಕೊಳ್ಳುವುದು ನನ್ನ ಕೆಲಸ. ಡಬ್ಬ ಕೊಡುವ ಮುಂಚೆ ಯೋಚಿಸಿ ಅಂತ ದಾನಿಗಳಿಗೆ ಹೇಳಿ ಹೇಳಿ ಸಾಕಾಗಿದೆ. ಆದರೂ ಮತ್ತೆ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಪೆಟ್ಟು ತಿನ್ನುವುದು ಮಗು.

ಮೊದಲು ಲೆಕ್ಕ ನೋಡಿ. 400 ಗ್ರಾಂ ಪುಡಿಯಿಂದ ಹೆಚ್ಚುಕಡಿಮೆ 3 ಲೀಟರ್ ಹಾಲು ಆಗುತ್ತದೆ. ಎರಡು ಮೂರು ತಿಂಗಳ ಮಗು ಬರೀ ಅದನ್ನೇ ಕುಡಿದರೆ ದಿನಕ್ಕೆ ಮುಕ್ಕಾಲು ಲೀಟರ್ ಬೇಕು. ಅಂದರೆ ನೀವು ಕೊಟ್ಟ ಡಬ್ಬ ನಾಲ್ಕು ದಿನಕ್ಕೆ ಖಾಲಿ. ಮಗುವಿಗೆ ವರ್ಷ ತುಂಬುವ ತನಕ ಡಬ್ಬ ಕೊಡುತ್ತಾ ಹೋಗುವವರು ಯಾರು?

ಇಲ್ಲಿ ದಾನಿಗಳು ಒಂದು ಮಾತು ಹೇಳುತ್ತಾರೆ. "ಮೇಡಂ, ಆ ತಾಯಿನೇ ಕಡ್ಡಿ ಹಾಗಿದ್ದಾರೆ, ಅವರಿಗೆ ಹಾಲು ಎಲ್ಲಿಂದ ಬರಬೇಕು?" ಎಲ್ಲ ಎಡವಟ್ಟೂ ಶುರುವಾಗುವುದು ಇಲ್ಲೇ. ದಯವಿಟ್ಟು ನಿಧಾನವಾಗಿ ಓದಿ. ತಾಯಿ ಸೊರಗಿದ್ದಾರೆ ಅಂದ ಮಾತ್ರಕ್ಕೆ ಹಾಲು ಇಲ್ಲ ಅಂತಲ್ಲ. ತೀರಾ ಹಸಿವಿನಿಂದ ನರಳುವ ಸ್ಥಿತಿ ಬಿಟ್ಟರೆ, ಸಣಕಲು ತಾಯಿಗೂ ಮಗುವಿಗೆ ಸಾಕಾಗುವಷ್ಟು ಹಾಲು ಬರುತ್ತದೆ. ಸವೆಯುವುದು ಅವರ ದೇಹ. ಇನ್ನು, ಹಾಲು ಎಷ್ಟು ಬರಬೇಕು ಅನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಮಗು. ಅದು ಎಷ್ಟು ಸಲ ಎದೆಗೆ ಬಾಯಿ ಹಾಕಿ ಚೀಪುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಮಗು ಚೀಪುವುದಿಲ್ಲ. ಚೀಪದಿದ್ದರೆ ಹಾಲು ಕಡಿಮೆಯಾಗುತ್ತದೆ. ಹಾಲು ಕಡಿಮೆಯಾಯಿತು ಅಂತ ಇನ್ನೊಂದು ಬಾಟಲಿ. ಡಬ್ಬ ಮುಗಿಯುವ ಹೊತ್ತಿಗೆ ಎದೆಹಾಲೂ ಇಳಿದಿರುತ್ತದೆ. ದುಡ್ಡು ಕೊಡದೆ ಸಿಗುತ್ತಿದ್ದ ಹಾಲಿನ ಜಾಗಕ್ಕೆ, ಕೊಂಡುಕೊಳ್ಳಲು ಆಗದ ಹಾಲು ಬಂದು ಕೂತಿರುತ್ತದೆ.

ಹಾಗಾದಾಗ ಮನೆಯವರು ಏನು ಮಾಡುತ್ತಾರೆ ಗೊತ್ತಾ? ನೀರು ಜಾಸ್ತಿ ಹಾಕುತ್ತಾರೆ. ಒಬ್ಬ ತಾಯಿ ನನ್ನ ಎದುರಿಗೇ ಹಾಲು ಕಲಸಿದರು. ಡಬ್ಬದೊಳಗಿನ ಅಳತೆ ಚಮಚದಲ್ಲಿ ಪುಡಿ ತುಂಬಿಕೊಂಡು, ಬೆರಳಿನಿಂದ ಅರ್ಧ ವಾಪಸ್ ಡಬ್ಬಕ್ಕೇ ಸವರಿ ಹಾಕಿದರು. ಒಂದು ಚೂರೂ ಚೆಲ್ಲಲಿಲ್ಲ. ಬಾಟಲಿಯಲ್ಲಿದ್ದದ್ದು ಬಿಳಿ ನೀರು. ಮಗು ಅದನ್ನೇ ಕುಡಿದು ಮಲಗಿತು. ತೂಕ ಮಾತ್ರ ಏರುತ್ತಿರಲಿಲ್ಲ. ಆ ತಾಯಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಇರುವುದನ್ನು ನಾಲ್ಕು ದಿನ ಜಾಸ್ತಿ ಎಳೆಯುವುದು ಅವರು ಜೀವನವಿಡೀ ಮಾಡಿಕೊಂಡು ಬಂದ ಜಾಣತನ. ಆದರೆ ಹೀಗೆ ತೆಳು ಹಾಲು ಕುಡಿದ ಮಗು ಸೊರಗುತ್ತದೆ. ತೀರಾ ನೀರಾದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು.

ಇದರ ಮೇಲೆ ನೀರಿನ ಗೋಳು. ಪುಡಿಯಲ್ಲೇ ರೋಗಾಣು ಇರಬಹುದು, ಹಾಗಾಗಿ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುಂಚೆ ಪುಡಿ ಹಾಕಿ, ಆಮೇಲೆ ಆರಿಸಿ ಕುಡಿಸಬೇಕು, ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಲೆ ಉರಿಸಲು ಲೆಕ್ಕ ಹಾಕುವ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ನೀರು ಕುದಿಸಿ, ಉಳಿದ ಹಾಲು ಚೆಲ್ಲುವವರು ಯಾರು ಹೇಳಿ? 2006ರ ಮೇ ತಿಂಗಳಲ್ಲಿ ಇಂಡೊನೇಷ್ಯಾದ ಯೋಗ್ಯಕರ್ತಾ ಭಾಗದಲ್ಲಿ ಭೂಕಂಪವಾದಾಗ ಹಾಲಿನ ಪುಡಿ ದಾನವಾಗಿ ರಾಶಿ ರಾಶಿ ಬಂತು. ಆಮೇಲೆ ಪರೀಕ್ಷಿಸಿ ನೋಡಿದರೆ, ಆ ಪುಡಿ ಸಿಕ್ಕ ಎರಡು ವರ್ಷದೊಳಗಿನ ಮಕ್ಕಳಲ್ಲಿ ಭೇದಿ, ಸಿಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು, ಅಲ್ವಾ?

ಹಾಗಂತ ಪುಡಿ ಯಾರಿಗೂ ಬೇಡವೇ ಬೇಡ ಅನ್ನುತ್ತಿಲ್ಲ. ತಾಯಿ ತೀರಿಕೊಂಡಿರಬಹುದು, ಎದೆಹಾಲಿಗೆ ಹೊಂದದ ಔಷಧಿ ತೆಗೆದುಕೊಳ್ಳುತ್ತಿರಬಹುದು, ಹಾಲು ನಿಂತೇ ಹೋಗಿರಬಹುದು. ನಿಂತ ಹಾಲನ್ನು ಮತ್ತೆ ತರಿಸಲು ಎಷ್ಟೋ ಸಲ ಆಗುತ್ತದೆ, ಎಲ್ಲರಿಗೂ ಅಲ್ಲ. ಪುಡಿ ಬೇಕೋ ಬೇಡವೋ ಅನ್ನುವುದನ್ನು ಮಗುವನ್ನು ನೋಡಿದ ವೈದ್ಯರೇ ಹೇಳಬೇಕು. ನಾನು ಇಲ್ಲಿ ಕೂತು ಹೇಳುವ ಮಾತಲ್ಲ, ನೀವು ಬಾಗಿಲಲ್ಲಿ ನಿಂತು ಹೇಳುವ ಮಾತೂ ಅಲ್ಲ. ಬೇಕು ಅಂತಾದರೆ ಮಗುವಿಗೆ ವರ್ಷ ತುಂಬುವ ತನಕ ಪುಡಿಯ ಖರ್ಚು, ಜೊತೆಗೆ ಉರುವಲಿನ ಖರ್ಚು ಹೊತ್ತುಕೊಳ್ಳಿ. ಒಬ್ಬರಿಗೆ ಆಗದಿದ್ದರೆ ನಾಲ್ಕು ಜನ ಸೇರಿ. ಬಾಟಲಿ ಬದಲು ತೊಳೆಯಲು ಸುಲಭವಾದ ಸಣ್ಣ ಲೋಟ ಕೊಡಿ.

ಉಳಿದ ಮನೆಗಳಲ್ಲಿ ತಾಯಿಗೆ ಉಣ್ಣಲು ಕೊಡಿ. ಹಾಲೂಡಿಸುವಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಬೇಕು, ಅಂದರೆ ಒಂದು ಹೊತ್ತಿನ ಊಟ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ನೀರೂ ಬೇಕಿಲ್ಲ. ಹಾಗಾಗಿ ತಾಯಿಯ ತಟ್ಟೆಗೆ ಹಾಕಿದ್ದು ಇಬ್ಬರಿಗೂ ಸೇರುತ್ತದೆ. ದಿನಸಿ ಕೊಡುವುದಾದರೆ ಮನೆಗೆಲ್ಲ ಸಾಕಾಗುವಷ್ಟು ಕೊಡಿ. ಕಡಿಮೆ ಬಿದ್ದರೆ ಕೊನೆಗೆ ಉಣ್ಣುವವರು, ಉಳಿದದ್ದು ಉಣ್ಣುವವರು ಆ ತಾಯಿಯೇ. ಹೆರಿಗೆಯಾದ ಕೆಲವೇ ವಾರಕ್ಕೆ ಅವರು ಕೂಲಿಗೆ ಹೋಗುವುದು ತಪ್ಪಲಿ ಅಂತ ಆ ದಿನಗಳ ದುಡಿಮೆಯಷ್ಟು ಹಣ ಕೊಟ್ಟರೆ ಇನ್ನೂ ಒಳ್ಳೆಯದು. ಮಗು ಜೊತೆಯಲ್ಲೇ ಇದ್ದರೆ ಹಾಲೂ ನಿಲ್ಲುವುದಿಲ್ಲ.

ಡಬ್ಬ ಈಗಾಗಲೇ ಕೊಂಡು ಇಟ್ಟಿದ್ದೀರಾ? ಒಡೆಯಬೇಡಿ. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ, ಆ ದುಡ್ಡಿಗೆ ದಿನಸಿ ತನ್ನಿ.